ಅನ್ನ, ಆಸರೆ, ಸಭೆ: ಬಾಸೆಲ್ ಮಿಶನ್ನಿನ ಕನ್ನಡ ಸಭೆಗಳು ಕಂಡ ಮೂರು ಸಂಕಷ್ಟಕಾಲಗಳು

೧. ಪ್ರವೇಶ

ಹಳಗನ್ನಡ, ನಡುಗನ್ನಡಗಳ ಅಧ್ಯಯನದಲ್ಲಿ ತೊಡಗಿರುವ ನಮಗೆಲ್ಲ ಬಾಸೆಲ್ ಮಿಶನ್ನಿನ ಋಣವಿದೆ. ಹರ್ಮನ್ ಮೋಗ್ಲಿಂಗ್ ೧೮೪೩ರ ಜುಲೈ ೧ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’, ಆತನೇ ಮುಂದೆ ಕೈಗೊಂಡ ಪ್ರಾಚೀನ ಕಾವ್ಯಗಳ ಮುದ್ರಣ, ಫರ್ಡಿನಂಡ್ ಕಿಟ್ಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ (೧೮೭೨) ಹಾಗೂ ‘ಛಂದೋಂಬುಧಿ’ (೧೮೭೫), ಕೊನೆಗೆ ೧೮೯೪ರ ಬೃಹತ್ ನಿಘಂಟು ಇವೆಲ್ಲ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಭದ್ರವಾಗಿ ನೆಲೆಗೊಂಡಿವೆ. ಆದರೆ ಈ ವಿದ್ವಾಂಸರು ಯಾವ ಜನರ ನಡುವೆ ಬದುಕಿದರೋ ಆ ಜನರು, ಎಂದರೆ ಮಂಗಳೂರಿನ ಹಂಚಿನ ಕೆಲಸಗಾರರು, ಗುಳೇದಗುಡ್ಡದ ನೇಕಾರರು, ಬೆಟಗೇರಿಯ ಅನಾಥ ಮಕ್ಕಳು, ಈ ಚರಿತ್ರೆಯಲ್ಲಿ ಅಡಿಟಿಪ್ಪಣಿಗಳಾಗಿಯೂ ಕಾಣಿಸುವುದು ಅಪರೂಪ. ಪ್ರಸ್ತುತ ಲೇಖನವು ಅವರತ್ತ ಗಮನ ಸೆಳೆಯುವ ಒಂದು ಪ್ರಯತ್ನ.

ಈ ಜನರ ಬಗೆಗೆ ಎರಡು ಸಿದ್ಧ ತೀರ್ಮಾನಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ಮೊದಲನೆಯದು, ಇವರು ಅನ್ನಕ್ಕಾಗಿ ಮತ ಬದಲಿಸಿದವರು ಎಂಬ ಆಕ್ಷೇಪ. ‘ಅಕ್ಕಿಯ ಕ್ರೈಸ್ತರು’ ಎಂಬ ಹಂಗಿಸುವ ಮಾತು ಹುಟ್ಟಿದ್ದು ಇದರಿಂದ. ಎರಡನೆಯದು ಮಿಶನರಿ ವರದಿಗಳ ಧಾಟಿ. ಅಲ್ಲಿ ಪ್ರತಿಯೊಂದು ಕಷ್ಟವೂ ವಿಶ್ವಾಸದ ಗೆಲುವಿನಲ್ಲಿ ಕೊನೆಗೊಳ್ಳುತ್ತದೆ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಈ ಎರಡೂ ವಾದಗಳು ಒಂದು ವಿಷಯದಲ್ಲಿ ಸಮಾನವಾಗಿವೆ. ಅನ್ನ ಬೇರೆ, ವಿಶ್ವಾಸ ಬೇರೆ. ಮನುಷ್ಯನು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ ಎಂದು ಎರಡೂ ಭಾವಿಸುತ್ತವೆ. ಕಷ್ಟಕಾಲದಲ್ಲಿ ಜನರು ನಿಜವಾಗಿ ಹೇಗೆ ಬದುಕಿದರು ಎಂಬುದನ್ನು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ ಎಂಬುದು ನಮ್ಮ ನಿಲುವು. ಇದನ್ನು ಮೂರು ಸಂದರ್ಭಗಳ ಮೂಲಕ ಪರಿಶೀಲಿಸಬಹುದು: ಮೊದಲ ತಲೆಮಾರಿನ ಬಹಿಷ್ಕಾರ, ೧೮೭೬-೭೮ರ ಕ್ಷಾಮ, ೧೯೧೪-೧೯ರ ಯುದ್ಧಕಾಲ. ನಡುವೆ, ನಾವಿರುವ ಈ ದೆಹಲಿಯಲ್ಲಿಯೇ ನಡೆದ ಒಂದು ಘಟನೆಯನ್ನು ತುಲನೆಗಾಗಿ ಬಳಸಿಕೊಂಡಿದ್ದೇವೆ.

೨. ಬಿಟ್ಟುಹೋದ ಮನೆ, ಕಟ್ಟಿಕೊಂಡ ಕೆಲಸ

೧೮೧೫ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಯಿಂದ ಭಾರತಕ್ಕೆ ಬಂದ ಮೊದಲ ಮೂವರು ಮಿಶನರಿಗಳಾದ ಸ್ಯಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ೧೮೩೪ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ೧೮೩೩ರ ಸನ್ನದು ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆದದ್ದರಿಂದ ಇದು ಸಾಧ್ಯವಾಯಿತು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ಆ ಬಳಿಕ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ ಹೀಗೆ ಕೇಂದ್ರಗಳು ಹರಡಿದವು.

ಕರಾವಳಿಯಲ್ಲಿ ಹೊಸ ಮತವನ್ನು ಸ್ವೀಕರಿಸಿದವರಲ್ಲಿ ಬಹುಸಂಖ್ಯಾತರು ತುಳು ಮಾತನಾಡುವ ಬಿಲ್ಲವರು. ಇವರಲ್ಲಿ ಅನೇಕರ ಕುಲಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಮದ್ಯದ ಸಂಬಂಧವಿದ್ದ ಈ ಕಸುಬನ್ನು ಮಿಶನ್ ಒಪ್ಪಲಿಲ್ಲ. ಆದುದರಿಂದ ದೀಕ್ಷಾಸ್ನಾನ ಪಡೆದವನು ಅದೇ ದಿನ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಗೇಣಿಗೆ ಹಿಡಿದ ಭೂಮಿ ಒಡೆಯನ ಮರ್ಜಿಯಲ್ಲಿತ್ತು. ಅಳಿಯಸಂತಾನ ಪದ್ಧತಿಯಲ್ಲಿ ತಾಯಿಯ ಕುಟುಂಬದಿಂದ ಹೊರಬಿದ್ದವನಿಗೆ ಮನೆಯೂ ಇಲ್ಲ, ಪಾಲೂ ಇಲ್ಲ. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದು ಎಂದು ೧೮೫೦ರ ಕಾಯಿದೆ ಹೇಳಿತು, ನಿಜ. ಆದರೆ ಕಾಯಿದೆಯ ಮಾತು ಊರಿನ ಬಾವಿಯವರೆಗೆ ತಲುಪುವುದು ಸುಲಭವಲ್ಲ. ಮೇಲುಜಾತಿಯವರಿಗೂ ಈ ನಷ್ಟ ತಪ್ಪಲಿಲ್ಲ. ೧೮೪೪ರ ಜನವರಿಯಲ್ಲಿ ಕ್ರೈಸ್ತನಾದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ (ಮುಂದೆ ಹರ್ಮನ್ ಆನಂದರಾವ್ ಕೌಂಡಿನ್ಯ) ಬಾಸೆಲ್‌ಗೆ ಹೋಗಿ ಓದಿ, ೧೮೫೧ರಲ್ಲಿ ಪಾದ್ರಿಯಾಗಿ ಮರಳಿದ. ಆದರೆ ಹುಟ್ಟಿದ ಮನೆಗೆ ಮರಳುವ ದಾರಿ ಅವನಿಗಿರಲಿಲ್ಲ.

ಹೀಗೆ ಮಿಶನ್ನಿನ ಮುಂದೆ ಮೊದಲಿಗೆ ಬಂದ ಸಮಸ್ಯೆ ದೈವಶಾಸ್ತ್ರದ್ದಲ್ಲ, ಹೊಟ್ಟೆಪಾಡಿನದು. ದಾನದಿಂದ ಇದು ಬಗೆಹರಿಯದು ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ೧೮೪೦ರ ದಶಕದಲ್ಲಿ ನಡೆಸಿದ ಕೃಷಿ ವಸಾಹತು ಬಹುಕಾಲ ಉಳಿಯಲಿಲ್ಲ. ಕುತೂಹಲದ ಸಂಗತಿಯೆಂದರೆ, ಆ ಭಾಗದಲ್ಲಿ ಮಿಶನರಿಗಳು ಹೆಚ್ಚು ನಿರೀಕ್ಷೆ ಇಟ್ಟಿದ್ದುದು ಕಾಲಜ್ಞಾನ ಪರಂಪರೆಯ ಜನರ ಮೇಲೆ. ಮುಂದೊಂದು ಕಾಲದಲ್ಲಿ ಧರ್ಮದ ರಾಜ್ಯ ಬರುವುದೆಂದು ನಂಬಿದ್ದ ಅವರು, ಹೊಸಬರ ಮಾತಿನಲ್ಲಿ ತಮ್ಮ ನಿರೀಕ್ಷೆಯ ಪೂರೈಕೆಯನ್ನು ಅರಸಿದರು. ಮಿಶನರಿಗಳಾದರೋ ಅದನ್ನು ಮತಾಂತರದ ಪೂರ್ವಸೂಚನೆ ಎಂದು ಬಗೆದರು. ಎರಡೂ ಕಡೆಯ ನಿರೀಕ್ಷೆ ಕೈಗೂಡಲಿಲ್ಲ. ಕಾಲಜ್ಞಾನ ಸಾಹಿತ್ಯವನ್ನು ಅಭ್ಯಸಿಸುವವರು ಈ ಪ್ರಸಂಗವನ್ನು ಇನ್ನಷ್ಟು ಆಳವಾಗಿ ನೋಡಬೇಕಾಗಿದೆ.

ಗಡಿಯಾರದ ಕೆಲಸ, ಬಡಗಿತನ, ಬೇಸಾಯ ಮೊದಲಾದ ಪ್ರಯೋಗಗಳ ಬಳಿಕ ಕೈಹಿಡಿದದ್ದು ಎರಡು ಉದ್ಯಮಗಳು. ೧೮೫೧ರಲ್ಲಿ ಬಂದ ಹಾಲರ್ ಮಂಗಳೂರಿನ ನೇಯ್ಗೆಯ ಶಾಲೆಯನ್ನು ಬೆಳೆಸಿದನು. ಖಾಕಿ ಬಣ್ಣದ ಬಟ್ಟೆಯ ಹೆಸರು ಇದರೊಂದಿಗೆ ತಳಕು ಹಾಕಿಕೊಂಡಿದೆ. ೧೮೬೫ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದನು. ನದಿಯ ಆವೆಮಣ್ಣು, ಘಟ್ಟದ ಕಾಡಿನ ಸೌದೆ, ಬಂದರಿನ ಸಾಗಣೆ ಈ ಮೂರೂ ಒಂದೆಡೆ ಕೂಡಿದ್ದರಿಂದ ‘ಮಂಗಳೂರು ಹಂಚು’ ದೂರದೇಶಗಳಿಗೂ ಹೋಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಜೆಪ್ಪು, ಕುದ್ರೋಳಿ, ಮಲ್ಪೆಗಳಲ್ಲಿ ಮತ್ತು ಮಲಬಾರಿನ ನಾಲ್ಕು ಕಡೆಗಳಲ್ಲಿ, ಒಟ್ಟು ಏಳು ಹಂಚಿನ ಕಾರ್ಖಾನೆಗಳು ಮಿಶನ್ನಿನ ಕೈಯಲ್ಲಿದ್ದವು. ಕಾಲಕ್ರಮದಲ್ಲಿ ಹಿಂದೂ, ಮುಸ್ಲಿಂ ಕೆಲಸಗಾರರೂ ಅಲ್ಲಿ ಸೇರಿಕೊಂಡರು.

ಆದರೆ ಇದರಲ್ಲಿಯೇ ಒಂದು ತೊಡಕು ಅಡಗಿತ್ತು. ಕೂಲಿ ಕೊಡುವವನೂ ಉಪದೇಶ ಹೇಳುವವನೂ ಒಂದೇ ಸಂಸ್ಥೆಯವರು. ಕುಡಿದು ಸಿಕ್ಕಿಬಿದ್ದವನ ತಪ್ಪು ಸಭೆಯ ವಿಚಾರಣೆಗೆ ಒಳಪಟ್ಟರೆ ಅದರ ನೆರಳು ಅವನ ಕೆಲಸದ ಮೇಲೂ ಬೀಳುವುದು ಸಹಜ. ಜಾತಿಯ ಹಿರಿಯರ ಕೈಯಿಂದ ಪಾರಾದವನು ಬೇರೊಬ್ಬ ಹಿರಿಯನ ಕೈಗೆ ಬಂದಂತಾಯಿತು. ಈ ತೊಡಕನ್ನು ಮುಚ್ಚಿಟ್ಟು ಮಿಶನ್ನಿನ ಉಪಕಾರವನ್ನು ಮಾತ್ರ ಹೇಳುವುದು ಚರಿತ್ರೆಯಾಗದು.

೩. ದರಿಯಾಗಂಜಿನ ಪಂಚಾಯಿತಿ

ಮಂಗಳೂರಿನ ಈ ವ್ಯವಸ್ಥೆಯ ವಿಶೇಷ ಸ್ಪಷ್ಟವಾಗಬೇಕಾದರೆ ಅದೇ ಕಾಲದ ದೆಹಲಿಯನ್ನು ನೋಡಬೇಕು. ಇಲ್ಲಿನ ಆಂಗ್ಲಿಕನ್ ಮಿಶನ್ನಿಗೆ ಸೇರಿದವರಲ್ಲಿ ಹೆಚ್ಚಿನವರು ನಗರದ ಬಸ್ತಿಗಳಲ್ಲಿದ್ದ ಚಮ್ಮಾರರು. ೧೮೭೭ರ ಮಳೆ ಉತ್ತರ ಭಾರತದಲ್ಲಿಯೂ ಕೈಕೊಟ್ಟಿತ್ತು. ಆ ಸಂಕಷ್ಟದ ದಿನಗಳಲ್ಲಿ ದೀಕ್ಷೆ ಪಡೆದವರ ಸಂಖ್ಯೆ ಏರಿತು. ಅದೇ ಸುಮಾರಿಗೆ ಇಲ್ಲಿಗೆ ಬಂದ ಕೇಂಬ್ರಿಜ್ ಮಿಶನ್, ಮುಂದೆ ೧೮೮೧ರಲ್ಲಿ ಸೇಂಟ್ ಸ್ಟೀಫನ್ಸ್ ಕಾಲೇಜನ್ನು ಸ್ಥಾಪಿಸಿದ ಸಂಸ್ಥೆ, ಈ ಹೊಸ ಕ್ರೈಸ್ತರ ನಡವಳಿಕೆಯನ್ನು ಪರಿಶೀಲಿಸಿತು. ಅವರು ಚರ್ಮದ ಕಸುಬನ್ನು ಬಿಟ್ಟಿರಲಿಲ್ಲ, ಬಿಡಬೇಕಾದ ಅಗತ್ಯವೂ ಇರಲಿಲ್ಲ. ಮದುವೆ, ಸಾವು, ಸಾಲ ಎಲ್ಲದಕ್ಕೂ ಅವರು ಬಿರಾದರಿಯನ್ನೇ ನೆಚ್ಚಿಕೊಂಡಿದ್ದರು.

ಜಿ. ಎ. ಲೆಫ್ರಾಯ್ ಎಂಬ ಪಾದ್ರಿ ದರಿಯಾಗಂಜಿನಲ್ಲಿ ಕೆಲವು ಮನೆಗಳ ಪ್ರತ್ಯೇಕ ಕ್ರೈಸ್ತ ಬಸ್ತಿಯೊಂದನ್ನು ಕಟ್ಟಿ, ಅಲ್ಲಿ ವಾಸಿಸುವವರು ಕ್ರೈಸ್ತ ವಿಧಿಗಳನ್ನು ಮಾತ್ರ ಅನುಸರಿಸಬೇಕೆಂಬ ನಿಯಮ ಹಾಕಿದನು. ೧೮೮೪ರಲ್ಲಿ ಚಮ್ಮಾರರ ದೊಡ್ಡ ಪಂಚಾಯಿತಿ ಸೇರಿತು. ಸಭೆಯೋ, ಬಿರಾದರಿಯೋ ಎಂಬ ಪ್ರಶ್ನೆ ಎದುರಾದಾಗ ಕ್ರೈಸ್ತರಾಗಿದ್ದವರಲ್ಲಿ ಹೆಚ್ಚಿನವರು ಬಿರಾದರಿಯನ್ನು ಆರಿಸಿಕೊಂಡರು. ಸಭೆಯ ಪರವಾಗಿ ನಿಂತವರು ಕೆಲವೇ ಮಂದಿ.

ಹಿಂದಿರುಗಿದವರ ವಿಶ್ವಾಸ ಸುಳ್ಳಾಗಿತ್ತೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಹಸಿವಿನಲ್ಲಿ ಧಾನ್ಯ ಕೊಡುವವರು, ಹೆಣ ಹೊರಲು ಬರುವವರು, ಮಗಳ ಮದುವೆಗೆ ನಿಲ್ಲುವವರು ಯಾರೋ ಅವರೇ ಮನುಷ್ಯನ ಸಮುದಾಯ. ದೆಹಲಿಯಲ್ಲಿ ಈ ಮೂರೂ ಬಿರಾದರಿಯ ಬಳಿ ಉಳಿದಿದ್ದವು. ಮಂಗಳೂರಿನಲ್ಲಿ ದೀಕ್ಷೆಯ ದಿನವೇ ಈ ಮೂರೂ ಕಳೆದುಹೋಗಿದ್ದವು. ಆದುದರಿಂದ ಸಭೆಯೇ ಅವನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ವ್ಯತ್ಯಾಸವಿದ್ದದ್ದು ವಿಶ್ವಾಸದ ಆಳದಲ್ಲಿ ಅಲ್ಲ, ಆಸರೆಯ ನೆಲೆಯಲ್ಲಿ.

೪. ಧಾತು-ಈಶ್ವರದ ಬರ

ಬಯಲುಸೀಮೆಯ ಸಭೆಗಳಿಗೆ ಕರಾವಳಿಯ ಕಾರ್ಖಾನೆಗಳ ಬೆಂಬಲವಿರಲಿಲ್ಲ. ಅವುಗಳ ಪರೀಕ್ಷೆ ನಡೆದದ್ದು ೧೮೭೬-೭೮ರ ಕ್ಷಾಮದಲ್ಲಿ. ಧಾತು ಸಂವತ್ಸರದಲ್ಲಿ ಮಳೆ ಹೋಯಿತು, ಈಶ್ವರ ಸಂವತ್ಸರದಲ್ಲಿ ಹಸಿವು ಮುಗಿಲು ಮುಟ್ಟಿತು. ಹೀಗಾಗಿ ಜನರ ನೆನಪಿನಲ್ಲಿ ಇದು ಧಾತು-ಈಶ್ವರದ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ಸುಮಾರು ೫೦.೫ ಲಕ್ಷವಿದ್ದದ್ದು ೧೮೮೧ರಲ್ಲಿ ಸುಮಾರು ೪೧.೯ ಲಕ್ಷಕ್ಕೆ ಇಳಿಯಿತು ಎಂಬ ಒಂದೇ ಸಂಗತಿ ಅದರ ಭೀಕರತೆಯನ್ನು ತಿಳಿಸುತ್ತದೆ. ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಸರ್ಕಾರದ ಪರಿಹಾರವೆಂದರೆ ಕೆರೆ, ರಸ್ತೆಗಳ ಕೆಲಸ. ಸರ್ ರಿಚರ್ಡ್ ಟೆಂಪಲ್ ಆಳೊಬ್ಬನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಹಾಗೂ ಒಂದು ಆಣೆ ಸಾಕೆಂದು ವಿಧಿಸಿದ್ದು, ಅದರ ವಿರುದ್ಧ ಮುಂಬಯಿ ಪ್ರಾಂತದ ಕೆಲಸಗಾರರು ಕೆಲಸ ಬಿಟ್ಟು ಹೊರಟದ್ದು ತಿಳಿದ ವಿಷಯ. ಈ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಹೆಚ್ಚು ನಲುಗಿದವರಲ್ಲಿ ನೇಕಾರರೂ ಸೇರುತ್ತಾರೆ. ಬರ ಬಂದಾಗ ರೈತನು ಮೊದಲು ಕೈಬಿಡುವುದು ಹೊಸ ಬಟ್ಟೆಯನ್ನು. ಧಾನ್ಯದ ಬೆಲೆ ಏರುವುದಕ್ಕೂ ನೇಕಾರನ ಗಿರಾಕಿ ಇಲ್ಲವಾಗುವುದಕ್ಕೂ ನಡುವೆ ದಿನಗಳ ಅಂತರವೂ ಇರುವುದಿಲ್ಲ. ಕಲ್ಲು ಒಡೆಯುವ ಕೆಲಸಕ್ಕೆ ಹೋದರೆ ನೂಲು ಹಿಡಿಯುವ ಬೆರಳು ಕೆಡುತ್ತದೆ. ಹೋಗದಿದ್ದರೆ ಮಗ್ಗವನ್ನೇ ಮಾರಬೇಕು. ಗುಳೇದಗುಡ್ಡ, ಬೆಟಗೇರಿಗಳು ನೇಕಾರರ ಊರುಗಳು, ಅಲ್ಲಿನ ಸಭೆಗಳಲ್ಲಿ ನೇಕಾರರೂ ಇದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

೧೮೭೭ರಲ್ಲಿ ಲಂಡನ್ನಿನ ಮೇಯರರ ನೇತೃತ್ವದಲ್ಲಿ ಸಂಗ್ರಹವಾದ ಪರಿಹಾರ ನಿಧಿ ಹಳ್ಳಿಗಳಿಗೆ ತಲುಪಿದ್ದು ಸ್ಥಳೀಯ ಸಮಿತಿಗಳ ಮೂಲಕ. ಈ ಸಮಿತಿಗಳಲ್ಲಿ ಅಧಿಕಾರಿಗಳು, ವರ್ತಕರು, ಊರ ಪ್ರಮುಖರ ಜೊತೆಗೆ ಮಿಶನರಿಗಳೂ ಕುಳಿತರು. ಬಿತ್ತನೆಯ ಕಾಳು, ಎತ್ತು, ಮನೆಯ ಹೊದಿಕೆ ಇವಕ್ಕೂ ಆ ಹಣ ವಿನಿಯೋಗವಾಯಿತು. ಇವರೆಲ್ಲರ ಸಹಕಾರವಿಲ್ಲದೆ ಯಾವೊಂದು ಸಂಸ್ಥೆಯೂ ಅಂದಿನ ಹಸಿವನ್ನು ಎದುರಿಸುವಂತಿರಲಿಲ್ಲ.

ಬರದ ಬಹುದೊಡ್ಡ ಉಳಿಕೆ ಅನಾಥ ಮಕ್ಕಳು. ಬೆಟಗೇರಿಯೇ ಮೊದಲಾದ ಕೇಂದ್ರಗಳಲ್ಲಿ ಬಾಸೆಲ್ ಮಿಶನ್, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಶನ್ ಅನಾಥಾಲಯಗಳನ್ನು ನಡೆಸಿದವು. ಕಥೋಲಿಕ ಮಿಶನ್ ಕೈಗೊಂಡದ್ದು ಇನ್ನೊಂದು ಕ್ರಮವನ್ನು: ಭೂಮಿ ಕೊಂಡು, ಅನಾಥರನ್ನು ಬೇಸಾಯಕ್ಕೆ ಹಚ್ಚಿ, ಅವರ ಹಳ್ಳಿಗಳನ್ನೇ ಕಟ್ಟಿತು. ಸಿಲುವೆಪುರ ಅಂತಹ ಹಳ್ಳಿ. ಊರಿನ ಹೆಸರಿನಲ್ಲಿಯೇ ಶಿಲುಬೆಯಿದೆ. ಆದರೆ ಪ್ರಾಟೆಸ್ಟೆಂಟರ ಕನ್ನಡದ ‘ಶಿಲುಬೆ’ ಅಲ್ಲಿ ತಮಿಳಿನ ‘ಸಿಲುವೈ’ಗೆ ಹತ್ತಿರವಾದ ರೂಪ ತಳೆದಿದೆ. ಸ್ಥಳನಾಮಗಳನ್ನು ಅಭ್ಯಸಿಸುವವರು ಕ್ಷಾಮದ ಇಂತಹ ಕುರುಹುಗಳನ್ನು ಗುರುತಿಸಬಲ್ಲರು.

ಈ ಮಕ್ಕಳು ಕ್ರೈಸ್ತರಾದದ್ದು ತಮ್ಮ ಆಯ್ಕೆಯಿಂದ ಅಲ್ಲ ಎಂಬ ಟೀಕೆ ಅಂದೂ ಇತ್ತು, ಅದರಲ್ಲಿ ಸತ್ಯವೂ ಇದೆ. ಐದು ವರ್ಷದ ಮಗು ಮತವನ್ನು ಆರಿಸಿಕೊಳ್ಳಲಾರದು. ಆದರೆ ಅದೇ ಮಗು ಮುಂದೆ ಮೂವತ್ತರ ಪ್ರಾಯದಲ್ಲಿ ಸಭೆಯ ಹಿರಿಯನಾಗಿ, ಬೇರೆ ಅನಾಥರ ಪಾಲಿಗೆ ಬಂಧುವಾಗಿ ನಿಲ್ಲುವುದುಂಟು. ಅಲ್ಲಿ ಆಯ್ಕೆ ಇಲ್ಲವೆನ್ನಲು ಬರುವುದಿಲ್ಲ. ಚರಿತ್ರಕಾರನು ದೀಕ್ಷೆಯ ದಿನವನ್ನು ಮಾತ್ರ ನೋಡದೆ ಒಂದು ಇಡೀ ಬದುಕನ್ನು ನೋಡಬೇಕಾಗುತ್ತದೆ.

೫. ಸಭೆಯ ಒಳಗಣ ಏರ್ಪಾಡು

‘ಸಭೆ’ ಎಂಬ ಶಬ್ದದ ಬಗೆಗೆ ಒಂದು ಮಾತು. ಕರಾವಳಿಯ ಕೊಂಕಣಿ ಕಥೋಲಿಕರು ಪೋರ್ಚುಗೀಸಿನಿಂದ ಬಂದ ‘ಇಗರ್ಜಿ’ಯನ್ನು ಉಳಿಸಿಕೊಂಡರು. ಬಾಸೆಲ್ ಮಿಶನ್ನಿನವರಾದರೋ ಕೂಡುವ ಜನಕ್ಕೆ ಕನ್ನಡದಲ್ಲಿ ಮೊದಲೇ ಇದ್ದ ‘ಸಭೆ’ಯನ್ನು ಬಳಸಿದರು. ಅದರ ಆಡಳಿತ ನೋಡುವವರು ‘ಹಿರಿಯರು’, ಪಾದ್ರಿಯು ‘ಸಭಾಪಾಲಕ’, ಹಳ್ಳಿ ಸುತ್ತುವವನು ‘ಉಪದೇಶಿ’. ಊರ ಪಂಚಾಯಿತಿಯ ಮಾತೇ ಇಲ್ಲಿಗೂ ಬಂದಿದೆ. ಬಾಸೆಲ್ ಮಿಶನ್ನಿನ ಮುಖ್ಯಸ್ಥನಾಗಿದ್ದ ಜೋಸೆನ್‌ಹಾನ್ಸ್ ೧೮೫೧-೫೨ರಲ್ಲಿ ಭಾರತಕ್ಕೆ ಬಂದು ಹೋದ ಮೇಲೆ ರೂಪುಗೊಂಡ ಸಭಾನಿಯಮಗಳು ಈ ಹಿರಿಯರಿಗೆ ನಿರ್ದಿಷ್ಟ ಸ್ಥಾನ ಕೊಟ್ಟವು. ಜಗಳ ತೀರಿಸುವುದು, ವಿಧವೆಯರ ಯೋಗಕ್ಷೇಮ, ಬಡವರ ನಿಧಿ, ಶ್ಮಶಾನದ ಉಸ್ತುವಾರಿ ಇವೆಲ್ಲ ಅವರ ಕೆಲಸ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ ಎಂಬ ದ್ವಿಭಾಷಾ ಸ್ಥಿತಿ ಕರಾವಳಿಯ ಸಭೆಗಳ ಇನ್ನೊಂದು ಲಕ್ಷಣ.

ಅಡುಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಟ್ಟು ಸಭೆಗೆ ಒಪ್ಪಿಸುವುದು, ಸುಗ್ಗಿ ಹಬ್ಬದಲ್ಲಿ ತಂದ ಬಾಳೆಗೊನೆ, ತೆಂಗಿನಕಾಯಿ, ಕೋಳಿಗಳನ್ನು ಏಲಂ ಹಾಕಿ ಹಣ ಕೂಡಿಸುವುದು ಇವು ಕ್ರೈಸ್ತ ಸಭೆಗಳಲ್ಲಿ ಬಳಕೆಯಲ್ಲಿರುವ ರೂಢಿಗಳು. ಬಡವನೂ ಇಲ್ಲಿ ಕೊಡುವವನೇ ಎಂಬುದು ಇದರ ತಿರುಳು. ಮಧ್ಯಕಾಲೀನ ಸಾಹಿತ್ಯವನ್ನು ಓದಿದವರಿಗೆ ಕಾಯಕ-ದಾಸೋಹಗಳ ನೆನಪಾಗುವುದು ಸಹಜ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಶರಣರ ದಾಸೋಹಕ್ಕೂ ಜರ್ಮನ್ ಶಿಸ್ತಿನ ಬಡವರ ನಿಧಿಗೂ ತಾತ್ತ್ವಿಕ ಅಂತರವಿದೆ. ಆದರೂ ಕೊಡುವುದನ್ನು ಆರಾಧನೆಯ ಭಾಗವಾಗಿ ಕಾಣುವ ಮನೋಧರ್ಮ ಈ ನೆಲಕ್ಕೆ ಹೊಸದಾಗಿರಲಿಲ್ಲ.

ಕರಾವಳಿಯ ಕಥೋಲಿಕರದು ಬೇರೆ ಹಿನ್ನೆಲೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಹೋಗಿ ೧೭೯೯ರ ಬಳಿಕ ಮರಳಿದವರು ತಮ್ಮ ಮನೆ, ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ೧೮೮೦ರಲ್ಲಿ ಯೇಸುಸಭೆಯ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರ ಔಷಧಾಲಯ ಆರಂಭಿಸಿದರು. ೧೯೧೨ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಸಂಘ ಕಟ್ಟಿಕೊಂಡರು, ಎಂ.ಸಿ.ಸಿ. ಬ್ಯಾಂಕಿನ ಮೂಲ ಅದು. ಪಕ್ಕದ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ೧೯೦೯ರಲ್ಲಿ ಹಾಕಿದ ಸಹಕಾರದ ದಾರಿಯೇ ಇಲ್ಲಿಯೂ ಕಾಣುತ್ತದೆ. ಜಿಲ್ಲೆಯ ಎಲ್ಲ ಸಮುದಾಯಗಳೂ ಪರಸ್ಪರ ನೋಡಿ ಕಲಿಯುತ್ತಿದ್ದ ಕಾಲವದು.

೬. ಯುದ್ಧಕಾಲದ ಪರೀಕ್ಷೆ

೧೯೧೪ರ ಆಗಸ್ಟಿನಲ್ಲಿ ಯುದ್ಧ ಆರಂಭವಾಯಿತು. ಬಾಸೆಲ್ ಮಿಶನ್ನಿನ ಕೇಂದ್ರ ಸ್ವಿಟ್ಸರ್ಲೆಂಡಿನಲ್ಲಿದ್ದರೂ ಅದರ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು. ಭಾರತ ಸರ್ಕಾರದ ದೃಷ್ಟಿಯಲ್ಲಿ ಅವರು ಶತ್ರುದೇಶದ ಪ್ರಜೆಗಳು. ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟು, ೧೯೧೫-೧೬ರಲ್ಲಿ ‘ಗೋಲ್ಕೊಂಡ’ ಹಡಗಿನಲ್ಲಿ ದೇಶದಿಂದ ಹೊರಗೆ ಕಳುಹಿಸಲಾಯಿತು. ಮಿಶನ್ನಿನ ವ್ಯಾಪಾರ ಹಾಗೂ ಉದ್ಯಮಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಮಿತವಾದ ಲಾಭಾಂಶದ ಬಳಿಕ ಉಳಿದುದನ್ನು ಜನಹಿತಕ್ಕೆ ಬಳಸುವುದಾಗಿ ಘೋಷಿಸಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ೧೯೧೯ರ ಸುಮಾರಿಗೆ ಅವು ಸೇರಿದವು. ದೆಹಲಿ, ಸಿಮ್ಲಾಗಳ ಕಚೇರಿಯಲ್ಲಿ ಬರೆದ ಒಂದು ಟಿಪ್ಪಣಿ ಜೆಪ್ಪುವಿನ ಆವೆಯ ಬಳಿ ನಿಂತವನ ಒಡೆಯನನ್ನು ಬದಲಿಸಿತು.

ಕೂಲಿಯ ಅಭದ್ರತೆ, ಯುದ್ಧಕಾಲದ ಬೆಲೆಯೇರಿಕೆ, ೧೯೧೮ರ ಮಳೆಯ ಅಭಾವ, ಅದೇ ವರ್ಷ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಬಲಿತೆಗೆದುಕೊಂಡ ಇನ್‌ಫ್ಲುಯೆಂಜಾ ಎಲ್ಲ ಒಟ್ಟಿಗೆ ಬಂದವು. ಬಾಸೆಲ್ಲಿನ ಹಣವಿಲ್ಲ, ದೊರೆಗಳಂತಿದ್ದ ಪಾದ್ರಿಗಳಿಲ್ಲ. ‘ಅಕ್ಕಿಯ ಕ್ರೈಸ್ತರು’ ಎಂಬ ಮಾತು ನಿಜವಾಗಿದ್ದರೆ ಸಭೆಗಳು ಚದುರಬೇಕಾಗಿದ್ದ ಗಳಿಗೆ ಇದು. ಅವು ಚದುರಲಿಲ್ಲ. ಈ ನೆಲದ ಸಭಾಪಾಲಕರು, ಉಪದೇಶಿಗಳು, ಹಿರಿಯರು ಆರಾಧನೆಯನ್ನು ನಡೆಸಿದರು. ಮದುವೆ, ಮಣ್ಣು ಮಾಡಿದರು. ಬಾಸೆಲ್ಲಿನವರು ೧೯೨೦ರ ದಶಕದ ಉತ್ತರಾರ್ಧದಲ್ಲಿ ಮರಳಿ ಬಂದಾಗ ಅವರಿಗೆ ಸಿಕ್ಕಿದ್ದು ಅನಾಥ ಮಂದೆಯಲ್ಲ, ತನ್ನ ಕಾಲ ಮೇಲೆ ನಿಂತ ಸಭೆ.

ಆದರೆ ಇದನ್ನು ವಿಶ್ವಾಸದ ಅಪ್ಪಟ ಗೆಲುವೆಂದು ಹೇಳಿ ಮುಗಿಸಲಾಗದು. ಆ ಹೊತ್ತಿಗೆ ಮೂರನೆಯ ತಲೆಮಾರು ಬೆಳೆದಿತ್ತು. ಬಿಟ್ಟುಬಂದ ಜಾತಿಗೆ ಹಿಂದಿರುಗುವ ದಾರಿ ಬಹುಪಾಲು ಮುಚ್ಚಿತ್ತು. ಉಳಿದದ್ದು ವಿಶ್ವಾಸದಿಂದಲೋ, ಬೇರೆ ಗತಿಯಿಲ್ಲದೆಯೋ ಎಂದು ಕೇಳಿದರೆ ಎರಡನ್ನೂ ಬಿಡಿಸಲು ಬರುವುದಿಲ್ಲ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ೧೯೧೯ರ ಬಳಿಕ ಕೂಲಿ ಕೊಡುವವನು ಬೇರೆಯಾದ, ಉಪದೇಶ ಹೇಳುವವನು ಬೇರೆಯಾದ. ಐವತ್ತು ವರ್ಷಗಳ ಹಳೆಯ ತೊಡಕನ್ನು ಯುದ್ಧವು ಕ್ರೂರವಾಗಿ ಬಿಡಿಸಿತು. ಹಂಚಿನ ಕಾರ್ಖಾನೆಯ ಕ್ರೈಸ್ತನು ಮೊದಲ ಬಾರಿಗೆ, ಕೂಲಿಯ ಹಂಗಿಲ್ಲದೆ ಇಗರ್ಜಿಯ ಮೆಟ್ಟಿಲು ಹತ್ತಿದನು.

ಈ ಸ್ವಾವಲಂಬನೆಯ ಸಾಂಸ್ಕೃತಿಕ ಫಲವೂ ಗಮನಾರ್ಹ. ಬಾಸೆಲ್ ಮಿಶನ್ನಿನಲ್ಲಿಯೇ ಓದಿ ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು (೧೮೮೧-೧೯೬೨) ೧೯೨೪ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೋಗ್ಲಿಂಗ್, ಕಿಟ್ಟೆಲ್ಲರು ಹೊರಗಿನಿಂದ ಬಂದು ಕನ್ನಡವನ್ನು ಅರಿತವರು. ಉತ್ತಂಗಿಯವರು ಒಳಗಿನವರಾಗಿ ಮಾತನಾಡಿದರು.

೭. ಸಮಾರೋಪ

ಮೂರೂ ಸಂದರ್ಭಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕ್ರೈಸ್ತ ವಿಶ್ವಾಸವು ಕನ್ನಡ ನಾಡಿನಲ್ಲಿ ಬೇರೂರಿದ್ದು ಬೋಧನೆಯಿಂದ ಮಾತ್ರವಲ್ಲ, ದಾನದಿಂದಲೂ ಅಲ್ಲ, ಒಬ್ಬರಿಗೊಬ್ಬರು ಆಸರೆಯಾಗುವ ಏರ್ಪಾಡೊಂದನ್ನು ಜನರು ತಾವೇ ನಡೆಸಿಕೊಳ್ಳುವಂತಾದಾಗ ಎಂಬುದು ಸ್ಪಷ್ಟವಾಗುತ್ತದೆ. ದೆಹಲಿಯ ದರಿಯಾಗಂಜ್ ಇದನ್ನೇ ವ್ಯತಿರೇಕದಿಂದ ಹೇಳುತ್ತದೆ.

ಹೊರನಾಡಿನಲ್ಲಿದ್ದು ಈ ಕ್ಷೇತ್ರದಲ್ಲಿ ಕೆಲಸ ಮಾಡಬಯಸುವ ಸಂಶೋಧಕರಿಗೆ ಒಂದು ಸೂಚನೆ. ಈ ಚರಿತ್ರೆಯ ಆಕರಗಳು ಮೂರು ಊರುಗಳಲ್ಲಿ, ಮೂರು ಭಾಷೆಗಳಲ್ಲಿ ಹಂಚಿಹೋಗಿವೆ: ಬಾಸೆಲ್ಲಿನಲ್ಲಿ ಜರ್ಮನ್ ವರದಿಗಳು, ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಸರ್ಕಾರದ ಇಂಗ್ಲಿಷ್ ಕಡತಗಳು, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಮತ್ತು ಆಯಾ ಸಭೆಗಳಲ್ಲಿ ಕನ್ನಡದ ದಾಖಲೆಗಳು. ಮೊದಲೆರಡನ್ನು ಓದಿದವನಿಗೆ ಮಿಶನರಿಯೂ ಅಧಿಕಾರಿಯೂ ಕಾಣಿಸುತ್ತಾರೆ. ಹಿಡಿ ಅಕ್ಕಿ ಕೊಟ್ಟ ಹೆಂಗಸನ್ನು ಕಾಣಬೇಕಾದರೆ ಮೂರನೆಯದನ್ನು ತೆರೆಯಲೇಬೇಕು. ಅದಕ್ಕೆ ಕನ್ನಡ ಬೇಕು, ಕರಾವಳಿಯ ಮಟ್ಟಿಗೆ ಸ್ವಲ್ಪ ತುಳುವೂ ಬೇಕು.